ನಾಲ್ಕು ಬೆರಳು ನೀರು

ಬುಕ್ಕಸಾಗರದಿಂದ ಕಂಪ್ಲಿಯವರೆಗಿನ ನಡುಗಡ್ಡೆಗಳಲ್ಲಿ ಎಷ್ಟು ನೀರುನಾಯಿಗಳಿವೆ, ಎಣಿಸಿ ಬರಬೇಕು. ನೀರಜಾಳಿಗೂ ಅವಳ ಜೊತೆಗಾತಿ ಗಂಗೋತ್ರಿಗೂ ಒಪ್ಪಿಸಿದ್ದ ಕೆಲಸ ಇಷ್ಟೇ. ಬುಟ್ಟಿಯಂಥ ದುಂಡು ತೆಪ್ಪ ಅಂಬಿಗ ಎರ್ರೆಪ್ಪನದು. ಮೂರು ದಿನ ತಿರುಗಿದರು. ಒಂದರ ಮೇಲೊಂದು ಕುಳಿತ ಬಂಡೆಗಳು, ಅವುಗಳ ನಡುವೆ ಕವಲೊಡೆದು ಹರಿಯುವ ತುಂಗಭದ್ರೆ, ಮನುಷ್ಯರ ದನಿಯೇ ಇಲ್ಲದ ಮಧ್ಯಾಹ್ನಗಳು. ಹನ್ನೊಂದು ನೀರುನಾಯಿ ಕಂಡವು.

ಕೊನೆಯ ನಡುಗಡ್ಡೆಯಲ್ಲಿ ಗಂಗೋತ್ರಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅಷ್ಟರಲ್ಲೇ ಹೊಳೆ ಏರತೊಡಗಿತು.

“ಮ್ಯಾಲ ಡ್ಯಾಮಿಂದ ನೀರು ಬಿಟ್ಟಾರ್ರೀ, ಜಲ್ದಿ!” ಎಂದು ಎರ್ರೆಪ್ಪ ತೆಪ್ಪವನ್ನು ಎಳೆದ. ಕಲ್ಲು ತಾಗಿ ಅದರ ಬದಿ ಹರಿದುಹೋಯಿತು. ತಳದಿಂದ ನಾಲ್ಕು ಬೆರಳು ಮೇಲೆ, ಅಂದರೆ ಆರು ಸೆಂಟಿಮೀಟರ್. ತುರುಕಿದ ಬಟ್ಟೆ ನಿಲ್ಲಲಿಲ್ಲ.

ಆರಕ್ಕಿಂತ ಹೆಚ್ಚು ಮುಳುಗಿದರೆ ನೀರು ಒಳಗೆ. ನೀರಜಾ ಟೇಪು ಹಿಡಿದು ದುಂಡು ತಳವನ್ನು ಅಳೆದಳು: ಎರಡು ಮೀಟರ್. ಎರಡನ್ನು ಎರಡರಿಂದ, ಬಂದದ್ದನ್ನು 3.14ರಿಂದ, ಆಮೇಲೆ ಆರು ಸೆಂಟಿಮೀಟರ್ ಆಳದಿಂದ ಗುಣಿಸಿದಳು. ತೆಪ್ಪ ಎಷ್ಟು ನೀರನ್ನು ಸರಿಸುತ್ತದೋ ಅಷ್ಟು ತೂಕ ಹೊರುತ್ತದೆ.

“ಏಳ್ನೂರೈವತ್ತು ಕೆಜಿ ತಡೀತದ!”

“ಮದುವಿ ಮಂದೀನ ದಾಟ್ಸೀನ್ರೀ ಇದ್ರಾಗ,” ಎಂದ ಎರ್ರೆಪ್ಪ.

ಮೂವರೂ ಹತ್ತಿದರು. ಹರಿದಲ್ಲಿಂದ ನೀರು ಬುಳುಬುಳು ನುಗ್ಗಿತು.

ನೀರಜಾ ತೆಪ್ಪದಿಂದ ಹೊರಗೆ ಧುಮುಕಿದಳು. ತಪ್ಪು ಎಲ್ಲೆಂದು ಹೊಳೆದು ಮುಖ ಬಿಸಿಯಾಯಿತು. ಎರಡು ಮೀಟರ್ ವ್ಯಾಸ. ಗುಣಿಸಬೇಕಾದದ್ದು ಅದರ ಅರ್ಧವನ್ನು. ಒಂದನ್ನು ಒಂದರಿಂದ ಗುಣಿಸಿದರೆ ಒಂದೇ. ಏಳುನೂರೈವತ್ತರ ಕಾಲುಭಾಗ, ನೂರ ಎಂಬತ್ತೆಂಟು! ತೆಪ್ಪ ಐವತ್ತು, ಎರ್ರೆಪ್ಪ ತಾನೇ ಹೇಳಿದಂತೆ ಅರವತ್ತೈದು, ಗಂಗೋತ್ರಿ ಐವತ್ತೈದು. ಉಳಿಯುವುದು ಹದಿನೆಂಟು.

“ನೀವಿಬ್ರು ನಡೀರಿ.”

“ಲೇ ನೀರಜಾ, ಹುಚ್ಚೇನ ನಿನಗ?” ಗಂಗೋತ್ರಿ ಅಳುತ್ತ ಕೂಗಿದಳು.

“ಐವತ್ತೆರಡು ಕೆಜಿ ಅದೀನಿ. ಹದಿನೆಂಟು ಕೆಜಿ ಆದ ಮ್ಯಾಲ ಬರ್ತೀನಿ, ಹೋಗು.”

ತೆಪ್ಪ ತಿರುತಿರುಗುತ್ತ ತಟ್ಟೆಯಷ್ಟಾಯಿತು, ಅಂಗಿಯ ಗುಂಡಿಯಷ್ಟಾಯಿತು, ಇಲ್ಲವಾಯಿತು. ನೀರಜಾ ಎತ್ತರದ ಬಂಡೆ ಹತ್ತಿ ನಿಂತಳು. ಹೊಳೆ ಮರಳನ್ನು ತೆಗೆದುಕೊಂಡಿತು, ಪೊದೆಗಳನ್ನು ತೆಗೆದುಕೊಂಡಿತು, ಅವಳ ಪಾದ ಮುಟ್ಟಿತು. ಒಮ್ಮೆ ಕೂಗಿದಳು, ತನ್ನ ದನಿ ತನಗೇ ಕೇಳಲಿಲ್ಲ. ಲೆಕ್ಕವನ್ನು ಮತ್ತೆ ಮತ್ತೆ ಹಾಕಿದಳು. ಈಗ ತಪ್ಪಿರಲಿಲ್ಲ. ಆದರೆ ಎರ್ರೆಪ್ಪ ಮರಳಿ ಬಂದೇ ಬರುತ್ತಾನೆಂದು ಯಾವ ಸೂತ್ರವೂ ಹೇಳುವುದಿಲ್ಲ.

ಹೊತ್ತು ಇಳಿಯುವಾಗ, ನೀರು ಮೊಣಕಾಲಿಗೆ ಬಂದಾಗ, ಹುಟ್ಟಿನ ಸದ್ದು ಕೇಳಿತು.

“ಮೇಡಂ! ನಾ ಅರವತ್ತೈದಲ್ರೀ, ಅರವತ್ತೆಂಟು! ಹೇಳಾಕ ನಾಚಿಕಿ ಆತು!”

ಅವಳು ನಗುತ್ತ, ನಡುಗುತ್ತ ತೆಪ್ಪದ ನಡುವೆ ಕುಕ್ಕರಿಸಿದಳು.

ದಡ ಸೇರಿದಾಗ ಗಂಗೋತ್ರಿಯನ್ನು ಹೊಸಪೇಟೆಯ ಆಸ್ಪತ್ರೆಗೆ ಒಯ್ದಾಗಿತ್ತು. ಕಾಯುವವರು ಯಾರೂ ಇರಲಿಲ್ಲ. ನೀರಜಾ ತಿರುಗಿ ತನ್ನ ಬಂಡೆಯನ್ನು ಹುಡುಕಿದಳು. ಬರೀ ನೀರು.

“ಆ ಕಡಿ ಹಿಡೀರಿ, ಮೇಡಂ.”

ಇಬ್ಬರೂ ತೆಪ್ಪವನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ದಿಬ್ಬ ಏರಿದರು. ಆ ದುಂಡು ಕತ್ತಲೆಯೊಳಗೆ ಹೊಳೆಯ ಸದ್ದು ಅಡಗಿತು. ಏದುಸಿರು ಮಾತ್ರ, ಇಬ್ಬರದು.