ಹೊಸದಿಟ್ಟು ಹಳೆಯದೊಯ್ದ ಕಳವು

ಮಗಳು ತಂದೆಯ ಬಳಿಯೇ ಇರಲಿ ಎಂದು ತೀರ್ಪು ಬಂದ ದಿನ ಇನ್ಸ್‌ಪೆಕ್ಟರ್ ತನ್ನ ವಕೀಲಮ್ಮನಿಗೆ ಒಂದು ಮಾತು ಕೊಟ್ಟಿದ್ದ. ಆಗ ಮಗಳಿಗೆ ನಾಲ್ಕು ವರ್ಷ.

"ನಿಮ್ಮ ಋಣ ತೀರಿಸೋಕಾಗಲ್ಲಮ್ಮ. ನಾಳೆ ನೀವು ಏನೇ ಮಾಡಿದ್ರೂ ಈ ಬಾಯಿಂದ ಒಂದು ಪ್ರಶ್ನೆ ಬರಲ್ಲ."

"ಪೊಲೀಸ್ ಬಾಯಿ ಕಣಪ್ಪಾ, ಸುಮ್ಮನಿದ್ರೆ ತುಕ್ಕು ಹಿಡಿಯುತ್ತೆ," ಎಂದು ಅವರು ನಕ್ಕಿದ್ದರು.

ಹನ್ನೆರಡು ವರ್ಷಗಳ ನಂತರ, ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ವಕೀಲರ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ದೂರು ಕೊಟ್ಟರು. ಸಂಘದ ಗ್ರಂಥಾಲಯದಿಂದ ಕೌಟುಂಬಿಕ ಕಾನೂನು ಕೈಪಿಡಿಯ ಎರಡು ಸಂಪುಟಗಳು ಕಳವಾಗಿದ್ದವು. ವಿಚ್ಛೇದನವಿರಲಿ, ಜೀವನಾಂಶವಿರಲಿ, ವಕೀಲರು ಮೊದಲು ಬಿಚ್ಚುವ ಪುಸ್ತಕವದು. ತೀರಿಹೋದ ತಂದೆಯ ಹೆಸರಿನಲ್ಲಿ ಕಾರ್ಯದರ್ಶಿಯೇ ದಾನ ಕೊಟ್ಟಿದ್ದರು. ಎಫ್‌ಐಆರ್ ದಾಖಲಾಯಿತು.

ಪಂಚನಾಮೆಯ ವೇಳೆ ನೋಡಿದರೆ ಬೀಗ ಒಡೆದಿರಲಿಲ್ಲ. ಕಪಾಟಿನಲ್ಲಿ ಜಾಗವೂ ಖಾಲಿಯಿರಲಿಲ್ಲ. ಹಳೆಯ ಸಂಪುಟಗಳಿದ್ದಲ್ಲಿ ಅದೇ ಕೈಪಿಡಿಯ ಹೊಸ ಆವೃತ್ತಿ ಕೂತಿತ್ತು.

"ಹಳೇದು ಒಯ್ದು ಹೊಸದು ಇಟ್ಟಿದಾನೆ ಸರ್," ಎಂದ ಕಾನ್‌ಸ್ಟೇಬಲ್. "ಸಿಕ್ಕಿದ್ರೆ ನಮ್ಮನೆಗೂ ಒಂದ್ಸಲ ಕಳಿಸಿ, ಫ್ರಿಜ್ ಹಳೇದಾಗಿದೆ."

ಕಾರ್ಯದರ್ಶಿ ನಗಲಿಲ್ಲ. "ಅದರಲ್ಲಿ ನಮ್ಮಪ್ಪನ ಹೆಸರಿತ್ತು."

ಹೊಸ ಸಂಪುಟಗಳ ಮೊದಲ ಪುಟದಲ್ಲಿ ಪುಸ್ತಕದಂಗಡಿಯ ಮೊಹರಿತ್ತು. ಅಂಗಡಿ ನ್ಯಾಯಾಲಯದ ಹಿಂದಿನ ಬೀದಿಯಲ್ಲೇ.

"ಇದನ್ನ ಯಾರಿಗೆ ಮಾರಿದ್ರಿ?"

"ನಮ್ಮ ವಕೀಲಮ್ಮಂಗೆ. ಯಾಕೆ ಸಾರ್?"

ಜೀಪಿನಲ್ಲಿ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ. "ಸರ್, ನಿಮ್ಮ ಮಗಳ ಕೇಸು ನಡೆಸಿದೋರು ಅವರೇ ಅಲ್ವಾ, ಇದನ್ನ ಬೇರೆಯವರಿಗೆ ಒಪ್ಪಿಸಬಹುದಲ್ವಾ?"

"ಬೇರೆಯವರು ಅವರ ಹತ್ರ ಹೇಗೆ ಮಾತಾಡ್ತಾರೋ," ಎಂದ ಇನ್ಸ್‌ಪೆಕ್ಟರ್.

ಸಂಜೆ ನಾಲ್ಕಕ್ಕೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ವಕೀಲಮ್ಮ ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿ ಜಾಗ ಮಾಡಿಕೊಟ್ಟರು.

"ಮಗಳು ಹೇಗಿದಾಳಪ್ಪ?"

"ನಿಮ್ಮ ದಯೆಯಿಂದ ಚೆನ್ನಾಗಿದಾಳಮ್ಮ. ನನಗಿಂತ ಉದ್ದ ಬೆಳೆದು ನನಗೇ ಬುದ್ಧಿ ಹೇಳ್ತಾಳೆ." ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಪುಸ್ತಕ ನೀವು ತಗೊಂಡ್ರಾ?"

"ಹೂಂ."

"ಯಾಕಮ್ಮ?"

ಅವರು ಬೀರು ತೆಗೆದು, ಪತ್ರಿಕೆಯಲ್ಲಿ ಸುತ್ತಿದ್ದ ಸಂಪುಟಗಳನ್ನು ಮೇಜಿನ ಮೇಲಿಟ್ಟರು. ಮೇಲ್ಮನವಿಗೆ ತೊಂಬತ್ತು ದಿನ ಎನ್ನುತ್ತಿತ್ತು ಹಳೆಯ ಆವೃತ್ತಿ. ಕಾನೂನು ಬದಲಾಗಿ ಅದು ಮೂವತ್ತಾಗಿತ್ತು. ಅವಸರದಲ್ಲಿ ಕೈಗೆ ಸಿಕ್ಕ ಆ ಹಳೆಯದನ್ನೇ ನೋಡಿ ವಕೀಲಮ್ಮ, ಮಗನಿಗಾಗಿ ಮೇಲ್ಮನವಿ ಹಾಕಬೇಕಿದ್ದ ಒಬ್ಬ ತಾಯಿಗೆ ಇನ್ನೂ ಸಮಯವಿದೆ ಎಂದುಬಿಟ್ಟಿದ್ದರು. ತಡವಾಯಿತೆಂದು ಅರ್ಜಿ ವಜಾ ಆಯಿತು. ಆಕೆಯ ಮಗ ಗಂಡನ ಕಡೆಯವರ ಮನೆಯಲ್ಲೇ ಉಳಿದ.

"ತೆಗೀರಿ ಅಂತ ಸಂಘಕ್ಕೆ ಹೇಳ್ದೆ. ದಾನದ ಪುಸ್ತಕ, ಆಗಲ್ಲ ಅಂದ್ರು. ಇನ್ನೊಬ್ಬರು ಅದನ್ನ ನಂಬಿ ಕೆಡಬಾರದು ನೋಡು."

"ಶಿಕ್ಷೆಯಾದ್ರೆ ನಿಮ್ಮ ವಕೀಲಿಕೆ ಸನ್ನದು ಹೋಗುತ್ತಮ್ಮ."

"ಗೊತ್ತು."

"ತಪ್ಪು ನಿಮ್ದು ಅಂತ ಆ ತಾಯಿಗೆ ಹೇಳಿದೀರಾ?"

ಅವರು ಸಂಪುಟಗಳ ಸುತ್ತಲಿನ ಪತ್ರಿಕೆಯನ್ನು ಬಿಚ್ಚತೊಡಗಿದರು. ವಕೀಲರೇ ತಪ್ಪೊಪ್ಪಿ ಪ್ರಮಾಣಪತ್ರ ಕೊಟ್ಟರೆ ನ್ಯಾಯಾಲಯ ವಿಳಂಬ ಮನ್ನಿಸಿ ಅರ್ಜಿಯನ್ನು ಮತ್ತೆ ಕೇಳಬಹುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಇಲ್ಲಪ್ಪ. ಪುಸ್ತಕ ಬಚ್ಚಿಟ್ಟೆ, ನಾಚಿಕೇನೂ ಅದರ ಜೊತೆ ಬಚ್ಚಿಟ್ಟೆ." ಅವರು ಕಣ್ಣೊರೆಸಿಕೊಂಡರು. "ನೀನು ಕೇಳಿದ್ದು ದೊಡ್ಡ ಉಪಕಾರ."

ಅವರು ಪ್ರಮಾಣಪತ್ರ ಬರೆದು ಮುಗಿಸುವವರೆಗೆ ಇನ್ಸ್‌ಪೆಕ್ಟರ್ ಕಾದ. ಆ ತಾಯಿಗೆ ಫೋನ್ ಹೋಯಿತು. ಐದೂವರೆಗೆ ಸಂಪುಟಗಳ ಜಪ್ತಿ, ಐದೂ ಮುಕ್ಕಾಲಿಗೆ ಬಂಧನ. ಆರೋಪಿಯ ಉದ್ದೇಶ ಲಾಭವಲ್ಲ, ಮತ್ತೊಂದು ಮಗುವಿಗೆ ಹಾಗಾಗದಿರಲೆಂಬ ಕಾಳಜಿ ಎಂದು ಅವನು ವರದಿಯಲ್ಲಿ ಬರೆದ.

ಪ್ರಶ್ನೆ ಕೇಳುವುದಿಲ್ಲವೆಂದು ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.