ಸೀಟಿ ಊದಿದ ಮೇಲೆ

ಬಂದ ಮೊದಲ ದಿನವೇ ಅವಳು ನನ್ನನ್ನು ನನ್ನ ಈಜುಕೊಳದಿಂದಲೇ ಹೊರಗೆ ಹಾಕಿದಳು.

"ಕ್ಲಾಸ್ ಮುಗಿಸಿ ಸೀಟಿ ಊದಿದ ತಕ್ಷಣ ನೀವು ಇಲ್ಲಿಂದ ಹೋಗ್ಬೇಕು."

"ನಾನು ಇಲ್ಲಿ ಕೋಚು ಕಣ್ರೀ."

"ಗೊತ್ತು. ಅದಕ್ಕೇ ಹೋಗಿ ಅಂತಿರೋದು. ಕಾವಲಿಗೆ ಲೈಫ್‌ಗಾರ್ಡ್ ಇರ್ತಾರಲ್ಲ."

ಕುತ್ತಿಗೆಗೆ ಸೀಟಿ ಕಟ್ಟಿಕೊಂಡವನಿಗೆ, ಕುತ್ತಿಗೆಗೆ ಸ್ಟಾಪ್‌ವಾಚ್ ಕಟ್ಟಿಕೊಂಡವಳು ಬಂದು ಹೀಗೆ ಹೇಳಿದರೆ ಮೈ ಉರಿಯದೆ ಇರುತ್ತದೆಯೇ? ಯೂನಿವರ್ಸಿಟಿಯಿಂದ ಬಂದಿದ್ದಳು. ದೊಡ್ಡವರು ಈ ವಯಸ್ಸಿನಲ್ಲಿ ಈಜು ಕಲಿಯಲು ಯಾಕೆ ಬರುತ್ತಾರೆ, ಯಾಕೆ ಅರ್ಧಕ್ಕೇ ಬಿಡುತ್ತಾರೆ ಎನ್ನುವುದು ಅವಳ ಸಂಶೋಧನೆ. ಡಾಕ್ಟರ್ ಹೇಳಿದರೆಂದು ಬರುವವರಿದ್ದರು, ಬಿಟ್ಟರೆ ನಾಚಿಕೆಗೇಡು ಎಂದು ಬರುವವರಿದ್ದರು, ಸುಮ್ಮನೆ ಖುಷಿಗೆ ಬರುವವರೂ ಇದ್ದರು. ಅವರೆಲ್ಲರ ಕೈಯಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು 'ಪ್ರಶ್ನೆ ಮೇಡಂ' ಎನ್ನಿಸಿಕೊಂಡಿದ್ದಳು. ಆದರೆ ಆ ಉತ್ತರಗಳನ್ನು ಪೂರ್ತಿ ನಂಬುತ್ತಿರಲಿಲ್ಲ.

"ಕಾಗದದ ಮೇಲೆ ಎಲ್ಲರೂ ಖುಷಿಗೇ ಈಜ್ತಾರೆ. ನೀವು ಹೋದ್ಮೇಲೆ, ಯಾರೂ ಹೇಳದೆ, ಯಾರು ನೀರಲ್ಲೇ ಉಳೀತಾರೆ? ಎಷ್ಟು ಹೊತ್ತು? ನಾನು ಅಳೀಬೇಕಾಗಿರೋದು ಅದನ್ನ."

ಹಾಗಾಗಿ ದಿನವೂ ಸಂಜೆ ಸೀಟಿ ಊದಿ ನಾನು ಮೇಲಿನ ಆಫೀಸಿಗೆ ಹತ್ತುತ್ತಿದ್ದೆ. ಅವಳೂ ಹಿಂದೆಯೇ ಬರುತ್ತಿದ್ದಳು. ನೀರೆಂದರೆ ಅವಳಿಗೆ ಹೆದರಿಕೆ, ಕೊಳದ ಅಂಚಿಗೂ ಹೋಗುತ್ತಿರಲಿಲ್ಲ. ಆಫೀಸು ಅಂದರೆ ಒಂದು ಕುರ್ಚಿ, ಒಂದು ಸ್ಟೂಲು, ಒಣಗದ ಟವೆಲ್ಲುಗಳು, ಎಷ್ಟು ತೊಳೆದರೂ ಹೋಗದ ಕ್ಲೋರಿನ್ ವಾಸನೆ. ಕೊಳದ ಕಡೆಗಿದ್ದ ದೊಡ್ಡ ಗಾಜು ಸದಾ ಮಂಜು ಹಿಡಿದಿರುತ್ತಿತ್ತು.

ಮೊದಲ ದಿನ ಅವಳು ತೋಳಿನಿಂದ ಗಾಜಿನ ಒಂದು ಮೂಲೆ ಒರೆಸಿ ಕೆಳಗೆ ನೋಡಿದಳು. ನಾನೂ ಬಗ್ಗಿದೆ. ನೀರು ಖಾಲಿ. ನನ್ನ ಬೆನ್ನು ಕಂಡದ್ದೇ ತಡ ಎಲ್ಲರೂ ಎದ್ದು ಬೆಂಚಿನ ಮೇಲಿಟ್ಟಿದ್ದ ಕಾಫಿಗೆ ಮುಗಿಬಿದ್ದಿದ್ದರು.

"ಇವತ್ತು ರೇಸಲ್ಲಿ ಗೆದ್ದವರಿಗೆ ಏನೋ ಕೊಟ್ರಲ್ಲ?" ಎಂದಳು.

"ಕೆಂಪು ಟೋಪಿ. ಉತ್ಸಾಹ ಬರ್ಲಿ ಅಂತ."

"ಟೋಪಿ ಸಿಕ್ಕಿತು, ಕೆಲಸ ಮುಗೀತು ಅಂತ ಹೊರಟ್ರು." ನಗು ತಡೆಯಲು ತುಟಿ ಕಚ್ಚಿಕೊಂಡಳು. ಕೆನ್ನೆಯ ಗುಳಿ ಮಾತ್ರ ಅವಳ ಮಾತು ಕೇಳಲಿಲ್ಲ. "ಸ್ವಲ್ಪ ದಿನ ಟೋಪಿ, ಕೂಗಾಟ ಎರಡೂ ಬಿಟ್ಟು ನೋಡಿ. ಇವತ್ತು ಏನು ಮಾಡೋಣ ಅಂತ ಅವರನ್ನೇ ಕೇಳಿ."

ಅವಳ ಮಾತು ಸುಳ್ಳೆಂದು ತೋರಿಸುವ ಹಟಕ್ಕೇ ಬಿಟ್ಟೆ. ಅವಳದೇ ನಿಜವಾಯಿತು. ಮೊದಲು ಒಬ್ಬರು, ಆಮೇಲೆ ಮತ್ತೊಬ್ಬರು, ಸೀಟಿ ಊದಿದ ಮೇಲೂ ನೀರಲ್ಲೇ ಉಳಿಯತೊಡಗಿದರು. ನನ್ನ ಮುಖ ಪೆಚ್ಚಾದರೂ ಒಳಗೆ ಖುಷಿಯಾಗಿತ್ತು. ಜನ ಉಳಿದಷ್ಟು ಹೊತ್ತೂ ಅವಳು ಆಫೀಸಿನಲ್ಲಿರಬೇಕಿತ್ತಲ್ಲ.

ಒರೆಸಿದ ಒಂದೇ ಮೂಲೆಯಲ್ಲಿ ಇಬ್ಬರೂ ತಲೆ ತಾಗದ ಹಾಗೆ ಬಗ್ಗಿ ನೋಡುತ್ತಿದ್ದೆವು. ಅವಳ ಕೂದಲು ನನ್ನ ಭುಜಕ್ಕೆ ಸೋಕಿದರೆ ನಾನು ಉಸಿರೇ ಬಿಡುತ್ತಿರಲಿಲ್ಲ. ಇನ್ನೊಂದು ಕಡೆ ಗಾಜು ಒರೆಸಿಕೊಳ್ಳಬಹುದಿತ್ತು. ನಾನು ಒರೆಸಲಿಲ್ಲ. ಅವಳೂ ಒರೆಸಿ ಅನ್ನಲಿಲ್ಲ.

"ನಿಮ್ಮ ಸಿದ್ಧಾಂತ ಏನು ಹೇಳುತ್ತೆ?" ಎಂದು ಒಂದು ಸಂಜೆ ಕೇಳಿದೆ.

"ಸ್ವಯಂ ನಿರ್ಧಾರ ಅಂತ. ಮನುಷ್ಯನಿಗೆ ಮೂರು ಬೇಕು. ಇದು ನನ್ನಿಷ್ಟ ಅನ್ನಿಸ್ಬೇಕು. ನನ್ನ ಕೈಲಾಗುತ್ತೆ ಅನ್ನಿಸ್ಬೇಕು. ನನ್ನವರು ಅನ್ನೋರು ಜೊತೇಲಿರ್ಬೇಕು. ಹಿಂದಿನಿಂದ ತಳ್ಳಿದ್ರೆ ಕೆಟ್ಟುಹೋಗುತ್ತೆ."

ಕೆಳಗೆ ಹೆಡ್‌ಮೇಡಂ ಎಂದಿನಂತೆ ಎಲ್ಲರಿಗಿಂತ ಮೊದಲೇ ನೀರಿನಿಂದ ಎದ್ದಿದ್ದರು. ಸ್ಕೂಲಿನಿಂದ ನಿವೃತ್ತರಾದವರು, ಮಂಡಿನೋವಿಗೆ ಡಾಕ್ಟರ್ ಕಳಿಸಿದ್ದರೆಂದು ಬರುತ್ತಿದ್ದವರು. ನೀರಲ್ಲಿದ್ದ ಕ್ಷೌರದಂಗಡಿಯವರು ಅವರನ್ನು ಕೂಗಿದರು, "ಬನ್ನಿ ಮೇಡಂ, ನನಗೊಬ್ಬನಿಗೇ ಬೇಜಾರು." ಹೆಡ್‌ಮೇಡಂ ಕಾಫಿ ಲೋಟ ಕೆಳಗಿಟ್ಟು ಮತ್ತೆ ನೀರಿಗಿಳಿದರು.

ಸ್ಟಾಪ್‌ವಾಚಿನ ಮೇಲೆ ಅವಳ ಬೆರಳು ತಡೆದು ನಿಂತಿತು. "ಇದನ್ನ ಹೇಗೆ ಲೆಕ್ಕ ಹಿಡಿಯೋದು? ತಾವಾಗೇ ಇಳೀಲಿಲ್ಲ. ಕರೆದಿದ್ದಕ್ಕೆ ಇಳಿದ್ರು."

ಆಮೇಲೆ, ಗಾಜನ್ನೇ ನೋಡುತ್ತಾ, ಕೇಳದೆಯೇ ಹೇಳಿದಳು. "ನನಗೆ ಮದುವೆ ಗೊತ್ತಾಗಿತ್ತು. ನನ್ನನ್ನ ಯಾಕೆ ಒಪ್ಕೊಂಡ್ರಿ ಅಂತ ಅವರನ್ನ ಕೇಳಿದೆ. ಅಮ್ಮ ಹೇಳಿದ್ರು ಅಂದ್ರು. ಮಾರನೇ ದಿನವೇ ಬೇಡ ಅಂದ್ಬಿಟ್ಟೆ. ಯಾರೂ ತಳ್ಳದೆ ಬರೋರು ಬೇಕು ನನಗೆ. ಇಲ್ದಿದ್ರೆ ಯಾರೂ ಬೇಡ."

ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ. ಇವಳನ್ನು ತಳ್ಳಬಾರದು, ಕರೆಯಬಾರದು. ಬಂದರೆ ತಾನಾಗೇ ಬರಬೇಕು.

ಅಧ್ಯಯನ ಮುಗಿದ ಸಂಜೆ ಅವಳು ಸ್ಟಾಪ್‌ವಾಚನ್ನು ಬ್ಯಾಗಿಗೆ ಹಾಕಿಕೊಂಡಳು. "ಇನ್ನು ನನಗೆ ಇಲ್ಲಿ ಬರೋ ಕೆಲಸ ಇಲ್ಲ," ಎಂದು ಬಾಗಿಲಲ್ಲಿ ನಿಂತಳು. ಬ್ಯಾಗಿನ ಜಿಪ್ಪು ಎಳೆದಳು, ತೆಗೆದಳು, ಮತ್ತೆ ಎಳೆದಳು.

ಹೋಗಬೇಡಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೂ ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳಿದೆ, "ಸರಿ. ನಿಮ್ಮಿಷ್ಟ."

ಅವಳ ಮುಖ ಬಾಡಿತು. ಮೆಟ್ಟಿಲಿಳಿದು ಹೋದಳು.

ಟಿಕೆಟ್ ಕೌಂಟರಿನಲ್ಲಿ ಕೂರುವ ನನ್ನ ಅಕ್ಕನ ಕಣ್ಣಿಗೆ ಏನೂ ತಪ್ಪುವುದಿಲ್ಲ. "ಆ ಹುಡುಗಿ ಕಣ್ಣೊರೆಸಿಕೊಂಡು ಹೋದ್ಲು. ಏನಂದೆ?"

"ಏನೂ ಅನ್ನಲಿಲ್ಲ. ಕರೆದ್ರೆ ಒತ್ತಾಯ ಮಾಡಿದ ಹಾಗಾಗುತ್ತೆ ಅಕ್ಕ. ಅದಕ್ಕೊಂದು ಸಿದ್ಧಾಂತವೇ ಇದೆ."

"ನಿನ್ನ ತಲೇಲೂ ಕ್ಲೋರಿನ್ ಸೇರ್ಕೊಂಡಿದೆ. ಆಯ್ತು, ಇವತ್ತಿಂದ ನಿನ್ನನ್ನ ಊಟಕ್ಕೆ ಕರೆಯಲ್ಲ ಬಿಡು. ನಿನಗೆ ಒತ್ತಾಯ ಆಗೋದು ಬೇಡ."

ತಮಾಷೆ ಎಂದುಕೊಂಡೆ. ಆ ರಾತ್ರಿ ಅಕ್ಕ ನಿಜವಾಗಿಯೂ ಕರೆಯಲಿಲ್ಲ. ನನ್ನ ಕೋಣೆಗೆ ಅಕ್ಕ, ಭಾವ, ಅವರ ಮಗಳ ಮಾತು ನಗು ಎಲ್ಲ ಕೇಳಿಸುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದು ಹೋಗಿ ತಟ್ಟೆ ತೆಗೆದುಕೊಂಡರೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೂ ಕಾಲೇ ಬರಲಿಲ್ಲ. ನನ್ನ ಮನೆಯಲ್ಲೇ ನಾನು ಬೇಡವಾದವನ ಹಾಗೆ ಕೂತಿದ್ದೆ.

ಬಾಗಿಲಲ್ಲಿ ಜಿಪ್ಪು ಎಳೆಯುತ್ತಾ ನಿಂತವಳನ್ನು ನಾನೂ ಹೀಗೇ ಕರೆಯದೆ ಬಿಟ್ಟಿದ್ದೆ.

ಮರುದಿನ ಯೂನಿವರ್ಸಿಟಿಯಲ್ಲಿ ಅವಳ ವಿಭಾಗಕ್ಕೆ ಹೋದೆ. ಅಲ್ಲಿಯೂ ಅವಳು ಒಂದು ಗಾಜಿನ ಮುಂದೆ, ಸ್ಟೂಲಿನ ಮೇಲೆ ಕೂತು, ಆಚೆ ಕೋಣೆಯವರನ್ನು ಗಮನಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಕಾರಿಡಾರಿಗೆ ಬಂದಳು. ಕಣ್ಣಲ್ಲಿ ಬೆಳಕು ಬಂತು, ತಕ್ಷಣ ಅದನ್ನು ಅಡಗಿಸಿಕೊಂಡಳು.

"ಯಾರು ಕಳಿಸಿದ್ರು? ಅಕ್ಕನಾ?"

ಸುಳ್ಳು ಹೇಳಬಹುದಿತ್ತು. ಆದರೆ ಈ ಒಂದು ಪ್ರಶ್ನೆಗೆ ಸುಳ್ಳು ಹೇಳಿದರೆ ಅವಳು ಮತ್ತೆ ಯಾರನ್ನೂ ನಂಬುವುದಿಲ್ಲ.

"ಅಕ್ಕ ಬೈದ್ಲು. ಊಟಕ್ಕೂ ಕರೀಲಿಲ್ಲ. ಆದರೆ ಹೋಗು ಅಂತ ಯಾರೂ ಹೇಳಲಿಲ್ಲ. ನೀವಿಲ್ದೆ ಆ ಆಫೀಸಲ್ಲಿ ಕೂರೋಕಾಗಲ್ಲ. ನೀವು ಅಂದ್ರೆ ನನಗೆ ಪ್ರಾಣ. ಇದನ್ನ ನಿನ್ನೆಯೇ ಹೇಳ್ಬೇಕಿತ್ತು. ತಳ್ಳಬಾರದು ಅಂದಿದ್ರಿ, ನಾನು ಕರೆಯೋದನ್ನೂ ಬಿಟ್ಟೆ." ಉಸಿರು ತೆಗೆದುಕೊಂಡೆ. "ಸಂಜೆ ಸೀಟಿ ಊದಿದ ಮೇಲೆ ಕೊಳಕ್ಕೆ ಬನ್ನಿ. ಮನಸ್ಸಿಲ್ದಿದ್ರೆ ಬೇಡ. ನಾನು ಮತ್ತೆ ಕೇಳಲ್ಲ."

"ಹೆಡ್‌ಮೇಡಂ ಕರೆದಿದ್ದಕ್ಕೆ ನೀರಿಗಿಳಿದ್ರಲ್ಲ, ಅದನ್ನೂ ನಾನು ಲೆಕ್ಕಕ್ಕೆ ಸೇರಿಸಿದೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಸೀಟಿ ಊದಿದೆ. ಅಭ್ಯಾಸಬಲದಿಂದ ಮೇಲೆ ಹತ್ತಿದೆ. ಸ್ಟೂಲು ಖಾಲಿ ಇತ್ತು. ಕೂತು ಕೂತು ಬೇಸತ್ತು, ಕೊನೆಗೆ ಗಾಜಿನ ಆ ಮೂಲೆಯನ್ನು ಒರೆಸಿದೆ.

ಕಲಿಯುವವರೆಲ್ಲ ಹೋಗಿದ್ದರು. ಕೊಳದ ಅಂಚಿನಲ್ಲಿ, ಚಪ್ಪಲಿ ಪಕ್ಕಕ್ಕಿಟ್ಟು, ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ನೀರೆಂದರೆ ಹೆದರುವ ನನ್ನ ಪ್ರಶ್ನೆ ಮೇಡಂ ಕಾಲು ಇಳಿಬಿಟ್ಟು ಕೂತಿದ್ದಳು. ಕುತ್ತಿಗೆಯಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ತಲೆಯೆತ್ತಿ ನೇರವಾಗಿ ಗಾಜಿನ ಆ ಮೂಲೆಯನ್ನೇ ನೋಡಿದಳು.

"ಬಾರೋ," ಎಂದು ಕೂಗಿದಳು, "ನನಗೊಬ್ಬಳಿಗೇ ಬೇಜಾರು."

ಕೊಳದ ಸುತ್ತ ಓಡಬಾರದು ಎಂದು ನಾನೇ ಬರೆಸಿ ಹಾಕಿದ ಬೋರ್ಡಿನ ಮುಂದೆಯೇ ನಾನು ಓಡಿದೆ.