ಕಲ್ಲಾಗಿ ನಿಂತ ಜಯಕಂಬ

ಬಹಳ ಬಹಳ ಹಿಂದೆ, ಕಲ್ಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಯವನ ದೇಶದ ಒಂದು ಬೆಟ್ಟದ ಆಚೆಗೊಂದು ಈಚೆಗೊಂದು ಪುಟ್ಟ ರಾಜ್ಯವಿತ್ತು. ಆಚೆಯದು ಎಲಾಯ, ಈಚೆಯದು ಕ್ರೀನೆ. ಇಬ್ಬರೂ ಬೆಳೆಯುತ್ತಿದ್ದುದು ಆಲಿವ್, ಇಬ್ಬರೂ ಕೈಮುಗಿಯುತ್ತಿದ್ದುದು ಅವೇ ದೇವತೆಗಳಿಗೆ. ಆದರೂ ಜಗಳವಾಡುವವರಿಗೆ ಕಾರಣ ಬೇಕೆ? ಆಗಾಗ ಕಾದಾಡುತ್ತಿದ್ದರು.

ಹಿರಿಯರು ಮಾತ್ರ ಒಂದು ಒಳ್ಳೆಯ ಪದ್ಧತಿ ಮಾಡಿಟ್ಟಿದ್ದರು. ಗೆದ್ದವರು ರಣರಂಗದಲ್ಲಿ ಮರದ ಕಂಬ ನೆಟ್ಟು, ಸೋತವರ ಗುರಾಣಿಯನ್ನು ಅದಕ್ಕೆ ತೂಗುಹಾಕಬೇಕು. ಅದನ್ನು ಯಾರೂ ಕೀಳಬಾರದು, ಯಾರೂ ದುರಸ್ತಿ ಮಾಡಲೂಬಾರದು. ಮಳೆಗೆ ನೆನೆದು, ಹುಳು ತಿಂದು ಕಂಬ ಬಿದ್ದ ದಿನ ಹಗೆಯೂ ಮುಗಿಯಿತು. ಅಂದು ಎರಡೂ ಊರಿನವರು ಒಟ್ಟಿಗೆ ಕೂತು ಉಣ್ಣುತ್ತಿದ್ದರು.

ಒಮ್ಮೆ ಎಲಾಯದವರು ದೊಡ್ಡ ಯುದ್ಧ ಗೆದ್ದರು. ಅಮಲು ನೆತ್ತಿಗೇರಿತು. ಆಗ ಬಾಸ್ಕಾನನೆಂಬ ಮಾಂತ್ರಿಕ ಬಂದು, "ಇಂಥ ಗೆಲುವಿಗೆ ಹುಳು ತಿನ್ನೋ ಮರವೇ? ಹೂಂ ಅನ್ನಿ, ಕಲ್ಲು ಮಾಡಿಕೊಡ್ತೀನಿ," ಎಂದ. ಊರಿಗೆ ಊರೇ ಹೂಂ ಎಂದಿತು. ಕಂಬ ಕಲ್ಲಾಯಿತು; ಅದು ಬೀಳಲಿಲ್ಲ, ಹಗೆಯೂ ಮುಗಿಯಲಿಲ್ಲ. ವರ್ಷವರ್ಷವೂ ಆಲಿವ್ ಹಣ್ಣಾಗುವ ಹೊತ್ತಿಗೆ ಯುದ್ಧ. ಹರಿದ ರಕ್ತದಿಂದ ಮಾಂತ್ರಿಕನಿಗೆ ಹೊಸ ಯೌವನ ಬರುತ್ತಿತ್ತು.

ಥಿಯಾನೊ ಇದಕ್ಕೆಲ್ಲ ಮೊದಲೇ ಎಲಾಯದಿಂದ ಕ್ರೀನೆಗೆ ಸೊಸೆಯಾಗಿ ಬಂದವಳು. ಆಮೇಲೆ ತವರು ಕಂಡಿರಲಿಲ್ಲ. ಈ ವರ್ಷ ಯುದ್ಧದ ಮುಂಚೂಣಿಯಲ್ಲಿ ನಿಲ್ಲುವ ಸರದಿ ಇಲ್ಲಿ ಅವಳ ಗಂಡ ನಿಕಾಂದ್ರನದು, ಅಲ್ಲಿ ಅವಳಣ್ಣ ಲೈಕೋನನದು.

ಅತ್ತೆ ಮಿರಿನೆ ಅವಳನ್ನು ಹತ್ತಿರ ಕೂರಿಸಿಕೊಂಡಳು. "ಯಾರು ಸತ್ರೂ ಅಳೋಳು ನೀನೇ ಕಣೇ. ಹೋಗು, ಆ ಕಂಬಕ್ಕೊಂದು ಗತಿ ಕಾಣಿಸಿ ಬಾ."

"ಮಾಂತ್ರಿಕ ನನ್ನನ್ನೇ ಕಲ್ಲು ಮಾಡಿದ್ರೆ, ಅತ್ತೆ?"

"ಈಗೇನು ಮೆತ್ತಗಿದ್ದೀಯಾ? ಹೇಳಿದ್ದು ಒಂದೂ ಕೇಳಲ್ಲ," ಎನ್ನುತ್ತಾ ಅತ್ತೆ ಜೇನುರೊಟ್ಟಿ ಗಂಟು ಕಟ್ಟಿಕೊಟ್ಟಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಬೆಟ್ಟದ ಬುಡದಲ್ಲಿ, ಸತ್ತ ಯೋಧರ ಸಮಾಧಿಯ ಮೇಲೆ ಕಲ್ಲಿನ ಸಿಂಹ ಕೂತಿತ್ತು. "ಯಾವ ಊರಿನ ಸತ್ತವರಿಗೆ ಅಳಲು ಬಂದೆ? ತಪ್ಪು ಹೇಳಿದರೆ ನುಂಗುತ್ತೇನೆ," ಎಂದಿತು.

"ನಂಗೆ ಬೇರೆ ಮಾಡೋಕೆ ಬರಲ್ಲ. ತವರಿನವರೂ ಇಲ್ಲೇ ಮಲಗಿದ್ದಾರೆ, ಗಂಡನ ಮನೆಯವರೂ ಇಲ್ಲೇ ಮಲಗಿದ್ದಾರೆ," ಎಂದು ಥಿಯಾನೊ ರೊಟ್ಟಿ ಮುರಿದು ಸಮಾಧಿಯ ಎರಡೂ ಬದಿಗೆ ಇಟ್ಟಳು.

"ನನ್ನ ಕೆಳಗೂ ಮೂಳೆಗಳು ಬೆರೆತುಹೋಗಿವೆ. ನನಗೂ ಬೇರೆ ಮಾಡಲು ಬರುವುದಿಲ್ಲ," ಎಂದು ಸಿಂಹ ದಾರಿ ಬಿಟ್ಟಿತು.

ನಡುಬೆಟ್ಟದಲ್ಲಿ ಒಂದು ಗುಡಿ. ಅದರ ಚಾವಣಿಯನ್ನು ಕಲ್ಲಿನ ಕನ್ಯೆಯರು ತಲೆಯ ಮೇಲೆ ಹೊತ್ತಿದ್ದರು. "ನೆತ್ತಿ ನೋಯುತ್ತದಮ್ಮ. ನೋವು ಕಳೆದರೆ ಕಂಬದ ಗುಟ್ಟು ಹೇಳುತ್ತೇವೆ," ಎಂದರು. ಹಿಂದೆ ಬಂದ ರಾಜಕುಮಾರರು ಹಾರೆ ಹಾಕಿ ಚಾವಣಿ ಎತ್ತಲು ಹೋಗಿ ಸೊಂಟ ಮುರಿದುಕೊಂಡಿದ್ದರು. ಥಿಯಾನೊ ದಿನಾ ನೀರು ಹೊರುವವಳು. ಮೇಲುಹೊದಿಕೆ ಹರಿದು, ಸುತ್ತಿ ಸಿಂಬಿ ಮಾಡಿದಳು. ಒಬ್ಬೊಬ್ಬಳೇ ತುಸು ಬಗ್ಗಿದಾಗ ಅವಳ ನೆತ್ತಿಗೊಂದು ಸಿಂಬಿ ಇಟ್ಟಳು.

"ಅಬ್ಬ, ತಣ್ಣಗಾಯಿತು," ಎಂದರು ಕನ್ಯೆಯರು. "ಕೇಳು. ಎಲಾಯದಲ್ಲಿ ಹುಟ್ಟಿದವರೊಬ್ಬರು ಕಂಬ ಮುಟ್ಟಿ, 'ನಾವೂ ಸೋತೆವು' ಎಂದರೆ ಮಂತ್ರ ಮುರಿಯುತ್ತದೆ."

ಥಿಯಾನೊ ಬೆಟ್ಟ ದಾಟಿ ಕಂಬವಿದ್ದ ಬಯಲಿಗೆ ಇಳಿದಾಗ ಎರಡು ಸೈನ್ಯಗಳೂ ಎದುರುಬದುರು ನಿಂತಿದ್ದವು. ಕಂಬದ ಬಳಿ ಬಾಸ್ಕಾನ ನಗುತ್ತಿದ್ದ.

"ಹೇಳು ಮಗಳೇ, ನಿನ್ನೂರಿನವರೆಲ್ಲ ಕೇಳಲಿ. ಆಮೇಲೆ ತವರಿನ ಬಾಗಿಲು ತಟ್ಟೋಕೆ ಯಾವ ಮುಖ ಇಟ್ಕೊಂಡು ಹೋಗ್ತೀಯ?"

ಅಮ್ಮನನ್ನು ಇನ್ನೊಮ್ಮೆ ನೋಡುವ ಆಸೆಯೊಂದನ್ನೇ ಥಿಯಾನೊ ಇಷ್ಟು ವರ್ಷ ಜೋಪಾನ ಮಾಡಿದ್ದಳು. ಅತ್ತ ಅಣ್ಣನನ್ನು ನೋಡಿದಳು, ಇತ್ತ ಗಂಡನನ್ನು ನೋಡಿದಳು. ಕಂಬಕ್ಕೆ ಕೈಯಿಟ್ಟಳು.

"ನಾನು ಎಲಾಯದ ಮಗಳು. ಆ ಸಮಾಧಿ ನೋಡಿ ಬಂದೆ. ನಾವೂ ಸೋತೆವು."

ಕಲ್ಲು ಮರವಾಯಿತು. ಅಷ್ಟೂ ವರ್ಷದ ಮಳೆ, ಅಷ್ಟೂ ವರ್ಷದ ಹುಳು ಒಂದೇ ಗಳಿಗೆಯಲ್ಲಿ ಅದನ್ನು ತಿಂದವು. ಕಂಬ ಮುರಿದು ಬಿತ್ತು. ಬಾಸ್ಕಾನ ಮುದುಕನಾದ, ಹಣ್ಣು ಹಣ್ಣು ಮುದುಕನಾದ, ಕೊನೆಗೆ ಒಂದು ಹಿಡಿ ಧೂಳಾಗಿ ಗಾಳಿಗೆ ಹೋದ.

ಥಿಯಾನೊ ತಲೆ ತಗ್ಗಿಸಿ ನಿಂತಿದ್ದಳು. ಆಗ ಎಲಾಯದ ಸಾಲಿನಿಂದ ಅಣ್ಣ ಲೈಕೋನ ಈಟಿ ಕೆಳಗಿಟ್ಟು ಬಂದ.

"ಪ್ರತಿ ವರ್ಷ ಹಬ್ಬಕ್ಕೆ ಅಮ್ಮ ನಿನ್ನ ಪಾಲಿನ ರೊಟ್ಟಿ ತೆಗೆದಿಡ್ತಾಳೆ. ತಿಂದು ತಿಂದು ನಂಗೆ ಸಾಕಾಗಿದೆ. ಭಾವನ್ನೂ ಕರ್ಕೊಂಡು ಮನೆಗೆ ಬಾ," ಎಂದ.

ಅಂದು ಎರಡೂ ಊರಿನವರು ಬಯಲಿನಲ್ಲೇ ಉಂಡರು. ಜಯಕಂಬದ ಚೂರುಗಳನ್ನು ಒಲೆಗೆ ಹಾಕಿ ರೊಟ್ಟಿ ಸುಟ್ಟವಳು ಅತ್ತೆ ಮಿರಿನೆ. ಹಳೆಯ ಕಟ್ಟಿಗೆ, ಭಾರಿ ಹೊಗೆ. ರೊಟ್ಟಿ ಸೀದುಹೋಯಿತೆಂದು ಅವಳು ಸಾಯುವವರೆಗೂ ಗೊಣಗುತ್ತಿದ್ದಳು. ತಿಂದವರು ಮಾತ್ರ ಅಂಥ ರುಚಿ ಮತ್ತೆ ಕಾಣಲಿಲ್ಲವೆಂದು ಮೊಮ್ಮಕ್ಕಳಿಗೆ ಹೇಳುತ್ತಾ, ಸುಖವಾಗಿ ಮುದುಕರಾದರು.